ತಾಷ್ಕೆಂಟಿನಲ್ಲಿ ಬೈ-ಟೂ

ವಿಮಾನ ಹತ್ತುವ ಮುಂಚೆ ಪಾಲಾಕ್ಷಿ ಕೇಳಿದ್ದು ಒಂದೇ:
‘ಅಲ್ಲಿ ಮಂಡಕ್ಕಿ ಸಿಗ್ತಾವೇನಲೇ?’
ಸಿಗಲಿಕ್ಕಿಲ್ಲವೆಂದು ಅಜ್ಮತ್ ಭಟ್ಟಿ ಗಲ್ಲಿಗೆ ಹೋಗಿ
ದಿಂಬಿನಂಥ ಚೀಲವೊಂದನ್ನು ತುಂಬಿಸಿ ತಂದ.
ತೂಗಿದರೆ ಒಂದೂವರೆ ಕೇಜಿ,
ಜಾಗ ಮಾತ್ರ ಒಬ್ಬ ಮನುಷ್ಯನದು.

ಮೂವರೂ ದಾವಣಗೆರೆಯ ಒಂದೇ ಮಿಲ್ಲಿನವರು.
ನಾನು ನೇಯ್ಗೆ ಖಾತೆ, ಅಜ್ಮತ್ ಬಾಯ್ಲರು,
ಪಾಲಾಕ್ಷಿ ಅರಳೆ ಬಿಡಿಸುವ ಕೋಣೆ.
ಪಾಳಿ ಮುಗಿಸಿ ಹೊರಬಂದರೆ
ಅವನ ಹುಬ್ಬು, ಮೀಸೆ, ಕಿವಿಯ ಕೂದಲು ಬೆಳ್ಳಗೆ;
ಇಪ್ಪತ್ತೆರಡಕ್ಕೇ ಮುದುಕನ ಹಾಗೆ ಕಂಡವನು
ಅರವತ್ತೇಳಕ್ಕೆ ನಿಜಕ್ಕೂ ಮುದುಕನಾಗಿ
ಏನೂ ಬದಲಾಗಿಲ್ಲ ನೋಡು, ಅನ್ನುತ್ತಾನೆ.
ಮಿಲ್ಲು ಮುಚ್ಚಿತು.
ಕೆಮ್ಮು ಇನ್ನೂ ಇದೆ.

ತಾಷ್ಕೆಂಟೇ ಯಾಕೆ, ಮನೆಯವರು ಕೇಳಿದರು.
ಎರಡನೇ ಕ್ಲಾಸಿನಲ್ಲಿ ಒಂದು ಬೆಳಗ್ಗೆ
ಆ ಹೆಸರು ಹೇಳಿ ರೇಡಿಯೋ ಗದ್ಗದವಾಗಿತ್ತು,
ಶಾಲೆಗೆ ರಜೆ ಕೊಟ್ಟಿದ್ದರು.
ರಜೆ ಕೊಡಿಸಿದ ಊರೆಂದು ನಮಗದರ ಮೇಲೆ ಗುಟ್ಟಿನ ಪ್ರೀತಿ.
ಮನೆಯಲ್ಲಿ ಹಾಗೆ ಹೇಳಲಾದೀತೆ?
ಟಿಕೆಟ್ಟು ಸೋವಿ ಇತ್ತು ಅಂದೆವು.

ಗಾಜಿನ ಹಿಂದೆ ಕೂತ ಹುಡುಗ ಅಧಿಕಾರಿ
ಚೀಲ ಅಲ್ಲಾಡಿಸಿದ, ಕಿವಿಗಿಟ್ಟುಕೊಂಡ, ಮೂಸಿದ.
ಅಜ್ಮತ್ ತನ್ನ ಉರ್ದುವಿನಲ್ಲಿ ವಿವರಿಸಿದ,
ನಾನು ಇಂಗ್ಲಿಷಿನ ನಾಲ್ಕು ಪದಗಳಲ್ಲಿ.
ಕೊನೆಗೆ ಪಾಲಾಕ್ಷಿ ಒಂದು ಹಿಡಿ ತೆಗೆದು
ಬಾಯಿಗೆ ಎಸೆದುಕೊಂಡು ತೋರಿಸಿದ.
ಹುಡುಗನೂ ಎಸೆದುಕೊಂಡ. ಅರ್ಧ ನೆಲಕ್ಕೆ.
ಪಾಸ್‌ಪೋರ್ಟಿಗೆ ಠಸ್ಸೆ ಬಿತ್ತು.

ಊರು ಅಗಲ. ರಸ್ತೆ ದಾಟಲು ನಮ್ಮ ವಯಸ್ಸಿಗೆ
ಎರಡು ಹಸಿರು ದೀಪ ಬೇಕು.
ಬೋರ್ಡಿನ ಅಕ್ಷರ ಇಂಗ್ಲಿಷಿನವೇ, ಮಾತು ಬೇರೆ;
ಗುರುತಿನವರೆಂದು ಹೆಗಲು ತಟ್ಟಿದರೆ
ಇನ್ಯಾರೋ ತಿರುಗಿದ ಹಾಗೆ.
ಎರಡನೇ ದಿನವೇ ದಾರಿ ತಪ್ಪಿದೆವು.
ತಪ್ಪಿದ್ದು ಯಾರಿಂದ ಎಂಬ ಜಗಳ
ನೆಲದಡಿಯ ರೈಲಿನಲ್ಲಿ ಎರಡು ನಿಲ್ದಾಣ ನಡೆಯಿತು.
ಮೂರನೆಯದರಲ್ಲಿ ಬಾಗಿಲು ತೆರೆದಾಗ
ಪಾಲಾಕ್ಷಿ ಮಾತು ಅರ್ಧಕ್ಕೇ ಬಿಟ್ಟು ಇಳಿದುಬಿಟ್ಟ.

ಗೋಡೆಯ ತುಂಬ ಅರಳೆ.
ಹೊಳೆವ ಚೂರು ಜೋಡಿಸಿ ಮಾಡಿದ ಕಾಯಿ, ಬಿರಿದ ತೊಳೆ.
ಹತ್ತಿರ ಹೋಗಿ ಉಗುರಲ್ಲಿ ಕೆರೆದು ನೋಡಿದ,
ಹೆಬ್ಬೆರಳು ತೋರುಬೆರಳ ನಡುವೆ
ಇಲ್ಲದ ಎಳೆಯೊಂದನ್ನು ಎಳೆದು ಉದ್ದ ಅಳೆದ.
ಒಂದು ರೈಲು ಹೋಯಿತು. ಇನ್ನೊಂದು ಬಂತು. ಅದೂ ಹೋಯಿತು.
‘ನಮ್ ಧೂಳನ್ನ ಇವ್ರು ಗ್ವಾಡಿಗೆ ಹಚ್ಯಾರಲೇ.’
ಬೈಗುಳವೋ ಹೊಗಳಿಕೆಯೋ ತಿಳಿಯಲಿಲ್ಲ.

ಮೇಲೆ ಬಂದರೆ ಹಿಪ್ಪುನೇರಳೆ ಮರದಡಿ ಚಹಾ.
ಹಿಡಿಯಿಲ್ಲದ ನೀಲಿ ಬಟ್ಟಲು, ಅದರ ಮೇಲೂ ಅರಳೆ.
ಮುದುಕಿ ಸುರಿದಳು: ಅರ್ಧ. ಅರ್ಧಕ್ಕೂ ಕಡಿಮೆ.
‘ಬೈ-ಟೂ ಅಂತ ಯಾರಪ್ಪ ಹೇಳಿದ್ದು?’ ಅಜ್ಮತ್ ನಕ್ಕ.
ನಾನು ಬಟ್ಟಲ ಅಂಚು ಮುಟ್ಟಿ, ಇಲ್ಲಿತನಕ, ಅಂದೆ.
ಮುದುಕಿಯ ಮುಖ ಸಪ್ಪಗಾಯಿತು.
ಸಿನಿಮಾ ನೋಡಿ ಹಿಂದಿ ಕಲಿತ ಮೊಮ್ಮಗಳು ಬಂದು ತಿಳಿಸಿದಳು:
ತುಂಬಿಸಿದರೆ, ಕುಡಿದು ಹೊರಡಿ ಅಂತ.
ಅರ್ಧವಾದರೆ, ಮತ್ತೆ ಕೇಳಿ, ಮತ್ತೆ ಸುರಿಯುವೆ, ಕೂತಿರಿ ಅಂತ.

ಕೂತೆವು. ಮೂವರು ಸೇರಿ ಹದಿನಾಲ್ಕು ಅರ್ಧ ಕುಡಿದೆವು.
ಪಿ.ಬಿ. ರೋಡಿನಲ್ಲಿ, ಮಿಲ್ಲಿನ ಗೇಟೆದುರು
ಕಾಸಿಲ್ಲದ್ದಕ್ಕೆ ಕುಡಿದ ಅರ್ಧಗಳ ಮಾತನ್ನು
ಯಾರೂ ಎತ್ತಲಿಲ್ಲ.

ಬರುವಾಗ ಅಂಥದೇ ಒಂದು ಬಟ್ಟಲು ಕೊಂಡು
ಉಳಿದ ಮಂಡಕ್ಕಿಯಲ್ಲಿ ಹೂತು ತಂದೆವು. ಬಿರುಕಿಲ್ಲ.
ಪಾಲಾಕ್ಷಿಯ ಮನೆಯಲ್ಲಿದೆ, ಮಾತ್ರೆ ಡಬ್ಬಿಯ ಪಕ್ಕ.
ಮಂಡಕ್ಕಿ ಮೆತ್ತಗಾಗಿದ್ದವು; ಒಗ್ಗರಣೆ ಹಾಕಿ ಮುಗಿಸಿದೆವು.

ಗುರುವಾರ ಹೋಗಿದ್ದೆ. ಕೆಮ್ಮು ಜೋರು, ಮಾತು ಕಡಿಮೆ.
ಸೊಸೆ ಹೊಸಬಳು, ಪಾಪ, ಅದೇ ಬಟ್ಟಲಲ್ಲಿ
ಅಂಚು ತುಳುಕುವಂತೆ ಚಹಾ ತಂದಿಟ್ಟಳು.
ಅವನು ನನ್ನ ಮುಖ ನೋಡಿದ, ನಾನು ಬಟ್ಟಲು ನೋಡಿದೆ.
ಕಿಟಕಿಯಾಚೆ ಗಾಡಿಯವನು ಮೈಕಿನಲ್ಲಿ
ಟೊಮೆಟೊ ಕೂಗುತ್ತಿದ್ದ.
‘ಇನ್ನೊಂದು ಲೋಟ ತಾರವ್ವ,’ ಅಂದ ಪಾಲಾಕ್ಷಿ,
‘ಬೈ-ಟೂ ಮಾಡು.’