ಕುದುರೆಯ ಎತ್ತರ

ಜುಲೈ ಚಳಿ. ಪರಾನಾ ನದಿಯ ಮಂಜು
ಅಂಗಡಿಯ ಹೊಸ್ತಿಲಿಗೇ ಬಂದು ನಿಂತಿತ್ತು.
ಅದನ್ನು ಸೀಳಿಕೊಂಡು ದೆಲ್ಮೀರಾ ಸ್ಕೋತ್ತಿ,
ಅವಳ ಹಿಂದೆ ಒಂಟಿ ಗಾಲಿಯ ಮೇಲೆ
ಗೊಣಗುತ್ತ ಉರುಳಿ ಬಂದ ಡಬಲ್ ಬಾಸ್.

"ನೋಡು ಓರೆಸ್ತೆ" ಅಂದಳು. ತೋರಿಸಿದ್ದು ಬಾಸನ್ನಲ್ಲ,
ಎಡಗೈಯ ಹೆಬ್ಬೆರಳು.
ಬುಡದ ಗೆಣ್ಣು ಹಸಿಶುಂಠಿಯ ಹಾಗೆ ಊದಿತ್ತು.

ಪಟ್ಟಿ ಹಿಡಿದು ಅಳೆದೆ. ಬೆರಳುಹಲಗೆಯ ತುದಿಯಲ್ಲಿ
ದಪ್ಪ ತಂತಿ ಹದಿನಾರು ಮಿಲಿಮೀಟರು ಮೇಲೆ.
ಇದರಡಿ ಬೆಕ್ಕು ನುಸುಳೀತು ಅಂದೆ.
ನಗಲಿಲ್ಲ.
"ನಸರೇನೊ ಇಟ್ಟ ಎತ್ತರ. ಯಾರೂ ಮುಟ್ಟಿಲ್ಲ."

ನಸರೇನೊ ಅವಳ ಗುರು. ನಾನೂ ಕೇಳಿದ್ದೇನೆ,
ಚಿಕ್ಕವನಿದ್ದಾಗ, ರೊಸಾರಿಯೋದ ರೈಲ್ವೆ ನೌಕರರ ಕ್ಲಬ್ಬಿನಲ್ಲಿ.
ಮೈಕಿಲ್ಲ. ನಾಲ್ಕು ಬಂದೋನಿಯನ್ನು, ಇನ್ನೂರು ಜೋಡಿ ಬೂಟು,
ಆ ಗದ್ದಲದ ಅಡಿಯಿಂದ ಅವನ ಒಂದೊಂದು ಏಟೂ
ನೆಲದೊಳಗೆ ನಡೆದು ಬಂದು
ನನ್ನ ಮೊಣಕಾಲಿಗೆ ತಾಗುತ್ತಿತ್ತು.
ಕರುಳಿನ ತಂತಿ ಆಗ. ಎತ್ತರ ಕಟ್ಟಿದರೇನೇ ಕೂಗು.
ಕರುಳು ಹೋಗಿ ಉಕ್ಕು ಬಂತು, ಮೈಕು ಬಂತು,
ಎತ್ತರ ಮಾತ್ರ ಉಳಿಯಿತು,
ಸತ್ತವನ ಕೋಟನ್ನು ಗೂಟದಿಂದ ಯಾರೂ ಇಳಿಸದ ಹಾಗೆ.

"ನೋಯದಿದ್ದರೆ ನುಡಿಸಿದ ಹಾಗಲ್ಲ ಅನ್ನುತ್ತಿದ್ದ."
ನಲವತ್ತೆರಡು ವರ್ಷ ನಂಬಿದ್ದಾಳೆ.
ನಾನು ಮರಗೆಲಸದವನು. ನನ್ನ ಲೆಕ್ಕದಲ್ಲಿ
ನೋವೆಂದರೆ ಎಲ್ಲೋ ಅಳತೆ ತಪ್ಪಿದೆ, ಅಷ್ಟೆ.

ಕಂಬಳಿಯ ಮೇಲೆ ಅಂಗಾತ ಮಲಗಿಸಿ
ತಂತಿಗಳನ್ನು ನಿಧಾನ ಸಡಿಲಿಸಿದೆ. ಒಮ್ಮೆಗೇ ಬಿಟ್ಟರೆ
ಒಳಗಿನ ಕಡ್ಡಿ ಉರುಳುತ್ತದೆ:
ಅಂಟಿಲ್ಲ, ಮೊಳೆಯಿಲ್ಲ, ಎದೆಗೂ ಬೆನ್ನಿಗೂ ನಡುವೆ
ಬರೀ ಒತ್ತಡದ ಮೇಲೆ ನಿಂತ ಸ್ಪ್ರೂಸ್ ಮರದ ಕಡ್ಡಿ.
ನಮ್ಮ ಕಸುಬಿನಲ್ಲಿ ಅದರ ಹೆಸರು ಆತ್ಮ.
ಎರಡು ಕಿಲೋ ಎಲುಬುಮಾಂಸದ ದುಡ್ಡಿಗೆ ಹೊಸ ಆತ್ಮ ಸಿಗುತ್ತದೆ.
ಹಲ್ಲಿನ ಡಾಕ್ಟರ ಕನ್ನಡಿ ತೂರಿಸಿ ನೋಡಿದೆ.
ನಿಂತಿತ್ತು, ತುಸು ವಾಲಿ,
ನಮ್ಮಿಬ್ಬರ ಹಾಗೆ.

ಕುದುರೆಯನ್ನು ಎತ್ತಿದೆ.
ಎರಡು ಕಾಲಿನಡಿಯಲ್ಲೂ ಚರ್ಮದ ಚೂರು,
ಬೂಟಿನ ಅಟ್ಟೆಯಿಂದ ಕೊಯ್ದದ್ದು, ಹೆಂಗಸರ ಬೂಟು.
ಯಾರೂ ಮುಟ್ಟಿಲ್ಲ ಅಂದೆಯಲ್ಲ?

ಬಹಳ ಹೊತ್ತು ಕಿಟಕಿಯ ಮಂಜನ್ನೇ ನೋಡಿದಳು.
"ಅವನು ಹೋದ ವರ್ಷ ಇದರ ಎದೆ ಕುಸಿಯಿತು. ಸ್ವಲ್ಪವೇ.
ತಂತಿ ತಾನಾಗಿ ಇಳಿದುಬಿಟ್ಟವು. ಬೆಳಿಗ್ಗೆ ಎದ್ದು ನುಡಿಸಿದರೆ
ಸುಲಭ!
ಹೆದರಿಕೆಯಾಯಿತು. ಇದ್ದೊಂದು ಬೂಟನ್ನೇ ಕತ್ತರಿಸಿದೆ."

ಏನು ಹೇಳುವುದು? ಉಳಿ ಮಸೆದೆ.
ಚರ್ಮ ತೆಗೆದೆ, ಕುದುರೆಯ ನೆತ್ತಿ ಕೆತ್ತಿದೆ,
ಮೇಲುಗಟ್ಟೆಯ ಗೀರುಗಳನ್ನು ಅರದಿಂದ ಇಳಿಸಿದೆ,
ತಂತಿಯಡಿ ವಿಸಿಟಿಂಗ್ ಕಾರ್ಡೊಂದು ಸರಿಯುವಷ್ಟು.
ಪ್ರತಿ ಚಕ್ಕೆ ಉದುರಿದಾಗಲೂ ಅವಳ ರೆಪ್ಪೆ ಅದುರುತ್ತಿತ್ತು.
ನನ್ನ ಕುಂಟು ಮೇಜು ಎಂದಿನಂತೆ ತಾಳ ತಪ್ಪಿಸುತ್ತಿತ್ತು.

ಸಂಜೆ, ಹನ್ನೊಂದು ಮಿಲಿಮೀಟರು.
ಎದ್ದು ನಿಂತಳು, ಬಾಸನ್ನು ಸೊಂಟಕ್ಕೆ ಒರಗಿಸಿ
ಹಳೆಯ ಬಲದಿಂದಲೇ ಎಳೆದಳು. ತಂತಿ ಹಲಗೆಗೆ ಬಡಿದು
ಬಾಣಲೆ ಬಿದ್ದ ಸದ್ದು.
ಅಷ್ಟು ಬೇಡ, ಅಂದೆ.
ಎರಡನೆಯ ಸಲ ಬರೀ ಬೆರಳಿನ ಭಾರ ಬಿಟ್ಟಳು.
ಇಷ್ಟು ವರ್ಷ ಚರ್ಮ ಕಚ್ಚಿಕೊಂಡು ನಿಂತಿದ್ದ ಕುದುರೆ
ಮರವನ್ನು ಮೆಟ್ಟಿತು.
ನನ್ನ ಮೊಣಕಾಲಿಗೆ ಗೊತ್ತಾಯಿತು.

ಅವಳಿಗೆ ಗೊತ್ತಾಯಿತೋ ಇಲ್ಲವೋ. ಕೇಳಿದ್ದು ಇಷ್ಟೇ:
"ಮಿಕ್ಕ ಬಲವನ್ನು ಏನು ಮಾಡಲಿ?"

ಮಾತೆಗೆ ನೀರು ಕಾಯಲಿಟ್ಟೆ. ಕುಡಿದಳು, ಹಣ ಕೊಟ್ಟಳು,
ಚರ್ಮದ ಚೂರುಗಳನ್ನು ಕೋಟಿನ ಜೇಬಿಗಿಳಿಸಿ ಹೊರಟಳು.
ಬಾಗಿಲವರೆಗೂ ಹೋದವಳು ತಿರುಗಿ ಬಂದು
ಬಗ್ಗಿ, ಉಸ್ಸೆನ್ನುತ್ತ,
ಒಂದನ್ನು ನನ್ನ ಮೇಜಿನ ಕಾಲಡಿ ತೂರಿಸಿದಳು.

ಈಗ ಅಲುಗಾಡುವುದಿಲ್ಲ.