ಮೇಲಿನ ಮಂಚ

ಕೋಣೆಯಲ್ಲ, ಬಾಡಿಗೆಗಿರುವುದು ಮಂಚ.
ಪೂರ್ತಿ ಮಂಚವೂ ಅಲ್ಲ, ಅದರ ಮೇಲಂತಸ್ತು.
ಮನಿಲಾದಲ್ಲಿ ಹಾಗೂ ಕೊಡುತ್ತಾರೆ:
ಮೈ ಚಾಚುವಷ್ಟು ಜಾಗ, ತಿಂಗಳಿಗೆ ಎರಡೂವರೆ ಸಾವಿರ ಪೆಸೊ,
ಫ್ಯಾನಿನ ಕರೆಂಟಿಗೆ ಮುನ್ನೂರು ಬೇರೆ.

ಒಡತಿ ಪೂರಿಂಗ್ ಗೋಡೆಗಂಟಿಸಿದ್ದಾಳೆ ಕಟ್ಟಳೆ:
ಒಣಮೀನು ಹುರಿಯಕೂಡದು.
ಹತ್ತರ ಮೇಲೆ ಗೇಟು ತೆರೆಯದು.
ಗಂಡಸರು ಹೊರಗೇ, ಸ್ವಂತ ಅಣ್ಣನಾದರೂ.
ಕೆಳಮಂಚದ ಹುಡುಗಿ ನಡುಮಧ್ಯಾಹ್ನ
ಶೂ ಬಿಚ್ಚದೆ ನಿದ್ದೆ ಹೋಗಿದ್ದಳು.
ಅಷ್ಟೊಂದು ನಿದ್ದೆ ಕಂಡು ನನಗೆ ಹೊಟ್ಟೆಯುರಿಯಿತು.

"ಹತ್ತಿ ನೋಡು" ಎಂದಳು ಪೂರಿಂಗ್. ಹತ್ತಿದೆ.
ಅಂಗಾತ ಮಲಗಿದರೆ ಮೂಗಿಗೂ ಸೂರಿಗೂ ಒಂದೇ ಮೊಳ.
ಹಿಂದೆ ಇದ್ದವಳು ಯಾರೋ ಪೆನ್ಸಿಲಿನಲ್ಲಿ
ಮಣಿಕಟ್ಟಿನ ಮೂಳೆಗಳ ಹೆಸರು ಬರೆದುಕೊಂಡಿದ್ದಳು,
ಎಂಟರಲ್ಲಿ ಏಳು.
ಎಂಟನೆಯದಕ್ಕೆ ಗೆರೆಯೆಳೆದು ಖಾಲಿ ಬಿಟ್ಟಿದ್ದಳು.

ಎಂಟೂ ನಾನು ಕಲಿತದ್ದು ಬಸ್ಸಿನಲ್ಲಿ.
ದಾಸ್ಮಾದಿಂದ ಟಾಫ್ಟ್ ರಸ್ತೆಗೆ ಮೂವತ್ತು ಕಿಲೋಮೀಟರು,
ಮಳೆಯಿಲ್ಲದಿದ್ದರೆ ಎರಡೂವರೆ ಗಂಟೆ,
ಮಳೆಯಿದ್ದರೆ ದೇವರೇ ಗತಿ.
ಪುಸ್ತಕ ತೆರೆಯಲು ಜಾಗವಿಲ್ಲ. ಕಂಬಿ ಹಿಡಿದು ತೂಗುವ
ಕೈಗಳೇ ಪುಸ್ತಕ: ಇವನದು ಉಬ್ಬಿದೆ, ಅವಳದು ಊದಿದೆ,
ಬಳೆಯ ಕೆಳಗೆ ಬಟಾಣಿಯಂತೆ ಎದ್ದು ಕಾಣುವುದು
ಅದೇ, ಆ ಎಂಟನೆಯದು.

ಅಮ್ಮ ಕ್ಯಾಲೆಂಡರಿನ ಬೆನ್ನಿಗೆ ಲೆಕ್ಕ ಹಾಕಿದಳು.
ಬಸ್ಸಿಗೆ ದಿನಕ್ಕೆ ನೂರ ಅರವತ್ತು, ಇಪ್ಪತ್ತೆರಡು ದಿನ.
ಇತ್ತ ಮಂಚ, ಕರೆಂಟು, ವಾರಕ್ಕೊಮ್ಮೆ ಮನೆಗೆ ಬಂದುಹೋಗುವುದು.
ಕೂಡಿ ಕಳೆದು ಉಳಿದದ್ದು ಎಂಬತ್ತು ಪೆಸೊ, ಊಟ ಬಿಟ್ಟು.
ಊಟ ಬಿಟ್ಟರೆ ಯಾವ ಲೆಕ್ಕದಲ್ಲೂ ಲಾಭವೇ,
ಎಂದು ತಾನೇ ನಕ್ಕು ಪೆನ್ನು ಮುಚ್ಚಿದಳು.
ತಂಗಿ ಹಿರಾಯಾ ಆಗಲೇ ನನ್ನ ದಿಂಬನ್ನು
ತನ್ನ ಕಡೆ ಎಳೆದುಕೊಂಡಾಗಿತ್ತು.

ಲೆಕ್ಕಕ್ಕೆ ಬಾರದ್ದು ಒಂದಿದೆ.
ಬೆಳಗಿನ ಮೂರೂವರೆಗೆ ಅಪ್ಪ ಎದ್ದು
ಟ್ರೈಸಿಕಲ್ ಒರೆಸುತ್ತಾನೆ. ಬೈಕಿನ ಪಕ್ಕದ ಗೂಡಿನಲ್ಲಿ
ಮೊಣಕಾಲು ಮಡಚಿ ನಾನು. ದಾರಿಯುದ್ದಕ್ಕೂ ಮಾತಿಲ್ಲ,
ಎಂಜಿನ್ನಿನ ಸದ್ದಿಗೆ ಮಾತು ಉಳಿಯುವುದಿಲ್ಲ.
ಹೆದ್ದಾರಿಯ ಬಾಯಲ್ಲಿ ಎಂಜಿನ್ ಆರಿಸಿ
ಬಸ್ಸಿಗೆ ಕಾಯುವ ಹದಿನೈದು ನಿಮಿಷ ಮಾತ್ರ ನಮ್ಮದು.
"ಇವತ್ತು ಯಾವುದು?" ಎನ್ನುತ್ತಾನೆ.
ಹೇಳುತ್ತೇನೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು
ಆ ಲ್ಯಾಟಿನ್ ಹೆಸರನ್ನು ಮೀನಿನ ಮುಳ್ಳಿನಂತೆ
ಬಾಯೊಳಗೇ ಹೊರಳಿಸಿ, ಮೆಲ್ಲಗೆ, ತಪ್ಪಾಗಿ, ಹೊರತೆಗೆಯುತ್ತಾನೆ.
ಈಗ ಕೈಯಿಡೀ ಅವನಿಗೆ ಬಾಯಿಪಾಠ.
ಕಾಲು ಶುರುವಾಗಬೇಕು ಬರುವ ತಿಂಗಳು.

ನಾನು ಹೋದರೆ ಅವನು ಆರರವರೆಗೆ ಮಲಗಬಹುದು.
ಅದನ್ನೇ ಹೇಳಿಕೊಳ್ಳುತ್ತ ಮೆಟ್ಟಿಲು ಹತ್ತಿದ್ದೆ.
ಅವನು ಮಲಗಲು ಬಯಸುತ್ತಾನೋ ಇಲ್ಲವೋ
ಕೇಳಿರಲಿಲ್ಲ.

ಜೇಬಿನಿಂದ ಪೆನ್ಸಿಲು ತೆಗೆದು
ಸೂರಿನ ಖಾಲಿ ಗೆರೆಯ ಮೇಲೆ ಎಂಟನೆಯದನ್ನು ಬರೆದೆ.
ನನಗೋ, ಮುಂದೆ ಬರುವವಳಿಗೋ, ಗೊತ್ತಿಲ್ಲ.
ಇಳಿದೆ. "ಹಿಡಿಸಿತಾ?" ಎಂದಳು ಪೂರಿಂಗ್.
ಐನೂರು ಪೆಸೊ ಕೈಗಿಟ್ಟೆ. "ಭಾನುವಾರದವರೆಗೆ ಯಾರಿಗೂ ಕೊಡಬೇಡಿ."

ಮರುದಿನ ಹೆದ್ದಾರಿಯ ಬಾಯಲ್ಲಿ ಅಪ್ಪ
ಮೂಳೆ ಕೇಳಲಿಲ್ಲ.
ಹ್ಯಾಂಡಲಿನ ಮಣ್ಣು ಉಗುರಿನಲ್ಲಿ ಕೆರೆಯುತ್ತ
"ಮಂಚಕ್ಕೆ ಕಿಟಕಿ ಇದೆಯಾ?" ಎಂದ.
ಇದೆ ಎಂದೆ.
"ಯಾವ ದಿಕ್ಕಿಗೆ?"

ನೋಡಿರಲಿಲ್ಲ.
ಬಸ್ಸು ಅವತ್ತು ಹತ್ತು ನಿಮಿಷ ಮುಂಚೆಯೇ ಬಂತು.
ಭಾನುವಾರಕ್ಕೆ ಇನ್ನೂ ಮೂರು ಬೆಳಗು.