ಹಿಂದಿನ ಬಾಕಿ

ಮದುವ್ಯಾದ ಹೊಸದಾಗಿ ಅಪ್ಪ ಊಟಕ್ಕ ಕೂತು
‘ಎರಡು ಗಂಟಿಗೆ ಉಪ್ಪಿನಕಾಯಿ’ ಅಂದನಂತ.
ಅವ್ವ ಗಡಿಯಾರ ನೋಡಿದ್ಲು. ಹನ್ನೆರಡೂವರಿ.
ಎರಡು ಬಡಿಯೂತನಾ ಕಾದು ಭರಣಿ ಎತ್ತಿ ತಂದ್ರ
ಅಂವ ಕೈ ತೊಳಕೊಂಡು ಯಾವಾಗೋ ಹೋಗಿದ್ದ.

ಆಮ್ಯಾಲೆ ನಾವೆಲ್ಲಾ ಕಲತ್ವಿ.
ನಮ್ಮನಿಯೊಳಗ ಎಡ ಬಲ ಅನ್ನೂದ ಇರಲಿಲ್ಲ.
ಹತ್ತು ಗಂಟಿಗೆ ಶೇಂಗಾ ಹಿಂಡಿ, ಮೂರಕ್ಕ ಅಜ್ಜಿ,
ಹನ್ನೆರಡಕ್ಕ ದೇವರ ಜಗಲಿ.
ಹಿಂದ ಯಾರರ ಬಂದು ನಿಂತ್ರ ಮಾತ್ರ
ಅಪ್ಪ ಗಂಟಿ ಹೇಳತಿರಲಿಲ್ಲ,
ಕುರ್ಚಿ ಸರಿಸಿ ಗ್ವಾಡಿಗೆ ಬೆನ್ನು ಹಚ್ಚತಿದ್ದ.

ಗೋಕುಲ ರಸ್ತೆದಾಗ ತಗಡಿನ ಶೆಡ್ಡು, ಎರಡು ಲೇತು.
ಗ್ವಾಡಿ ಮ್ಯಾಲೆ ನೀಲಿ ಅಕ್ಷರ:
ಗಂಜಿಗಟ್ಟಿ ಶ್ಯಾವಿಗಿ ಮಷಿನ್, ಹುಬ್ಬಳ್ಳಿ.
ಯುದ್ಧದಾಗ ವಿಮಾನ ಹಾರಿಸಿದಾಂವ
ಶ್ಯಾವಿಗಿ ಹಿಂಡಾಕ ಕುಂತಾನ ನೋಡ್ರಿ ಅಂತ
ದುರ್ಗದಬೈಲಿನ ಮಂದಿ ನಗತಿದ್ರು.
ಅಂವನೂ ನಗತಿದ್ದ, ನಕ್ಕೋತ
ಹಿತ್ತಾಳಿ ಬಿಲ್ಲಿ ಬೆಳಕಿಗೆ ಹಿಡದು
ಒಂದ ಕಣ್ಣು ಮುಚ್ಚಿ
ನೂರಾ ಎಂಟು ತೂತು, ಒಂದೊಂದ ನೋಡಾಂವ.
ಕುಂದಗೋಳ, ನವಲಗುಂದದ ಹೆಣಮಕ್ಕಳು
ಮಷಿನ್ ಒಯ್ಯಾಕ ಬಂದ್ರ, ಹಿಡಕಿ ಕೈಯಾಗ ಕೊಟ್ಟು
‘ಹಿಟ್ಟು ಗಟ್ಟಿ ಆತಂದ್ರ ಇದು ಒಂದ್ನಮನಿ ಸಪ್ಪಳಾ ಮಾಡತದ,
ಅದನ್ನ ಮದಲ ಕೇಳ್ರಿ ತಾಯಿ, ಆಮ್ಯಾಲೆ ತಿರವ್ರಿ.’

ಸ್ಕೂಟರಿನ ಪೆಟ್ರೋಲು ಅರ್ಧಕ್ಕಿಂತ ಇಳಿಯಗೊಡಲಿಲ್ಲ ಯಾವತ್ತೂ.
ನಾ ಒಮ್ಮೆ ಉಣಕಲ್ ಕೆರಿ ದಂಡಿಗೆ ತೀರಿಸಿ,
ತಳ್ಳಿಕೊಂಡು ಮನಿಗೆ ಬಂದ ದಿನ
ಬೈಯಲಿಲ್ಲ. ಅಂಗಳದಾಗ ಕೂತು
ಟಾಕಿ ಮುಚ್ಚಳಾ ತಗದು, ಒಳಗ
ಭಾಳ ಹೊತ್ತು ನೋಡಿದ.

ಶೆಡ್ಡಿನ ಆಚಿಗೆ ವಿಮಾನದ ಬಯಲು.
ಯಾವಾಗರ ಒಂದು ಬಂತಂದ್ರ
ಹುಡುಗ್ರು ಲೇತು ಬಿಟ್ಟು ಹೊರಗ ಓಡಾವ್ರು.
ಅಪ್ಪ ತಲಿ ಎತ್ತತಿರಲಿಲ್ಲ.
‘ಒಂದು ಇಂಜಿನ್ ಕೆಮ್ಮಾಕತ್ತೇತಿ’ ಅಂತಿದ್ದ ಅಷ್ಟ.

ದೀಪಾವಳಿ ಪಾಡ್ಯಾಕ ಹೊಸ ಖಾತೆ ಪುಸ್ತಕ.
ಅರಿಷಿಣ, ಕುಂಕುಮ, ಚೆಂಡುಹೂವು,
ಮದಲನೇ ಸಾಲು ಅಪ್ಪಂದ ಕೈಬರಹ:
ಹಿಂದಿನ ಬಾಕಿ. ಕೊಡೂದು, ಒಂದು ರೂಪಾಯಿ.
ಯಾರಿಗೆ ಅನ್ನೋ ಜಾಗಾ ಖಾಲಿ.
ಇಪ್ಪತ್ತಾರು ವರ್ಷ ಅದನ್ನ ಮುಂದ ಒಯ್ದು ಒಯ್ದು ಬ್ಯಾಸತ್ತು
ಗುಮಾಸ್ತ ಜಹಗೀರದಾರ ಮಾಸ್ತರು ಕೇಳಿದ್ರು:
‘ಯಜಮಾನ್ರ, ಒಂದ್ರೂಪಾಯಿ. ಮುಗಿಸಿಬಿಡೂಣಲ್ರಿ?’
‘ವಿಳಾಸ ಸಿಕ್ಕಿಲ್ರಿ’ ಅಂದ ಅಪ್ಪ.

ಕಣ್ಣಿನ ಪೊರಿ ತಗಿಸಿದ ರಾತ್ರಿ,
ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮಾಳಗಿ ಕಡೆ,
ಕೇಳದನ ಹೇಳಿದ:
ಎಪ್ಪತ್ತೊಂದರ ಡಿಸೆಂಬರ್. ಮುಂಜಾನಿ.
ಹಿಂದ ಬಂದ ಒಬ್ಬಾಂವ.
ನಾ ಹೊರಳಿದ್ರ ಅಂವನೂ ಹೊರಳ್ಯಾನ,
ಇಳದ್ರ ಇಳದಾನ.
ಹನ್ನೊಂದು ಎಣಿಸಿದೆ. ಹೊಡೀಲಿಲ್ಲ.
ಗುಂಡು ತೀರಿದ್ದೂವೋ, ಗನ್ನು ಹಿಡದಿತ್ತೋ,
ಎಣ್ಣಿ ಕಡಿಮಿ ಇತ್ತೋ,
ತಿರುಗಿ ಹ್ವಾದ. ಮಾರಿ ನೋಡಿಲ್ಲ.

ಸುಮ್ಮನಾದ. ಹೊರಗ ಯಾವುದೋ ಲಾರಿ ಹ್ವಾತು.
‘ಅದಕ್ಕ ಮೂರು ದಿನ ಮದಲ
ಒಬ್ಬನ ಹಿಂದ ನಾ ಇದ್ದೆ.’
ಆಮ್ಯಾಲೆ ನೀರು ಕೇಳಿದ.
ತಾಮ್ರದ ಚರಿಗಿ ಎಂಟು ಗಂಟಿಗಿತ್ತು.

ಈಗ ಶೆಡ್ಡು ನಂದು. ಲೇತು ಐದು.
ದಿನಕ್ಕ ನಾಕೈದು ವಿಮಾನ, ಯಾರೂ ಓಡೂದಿಲ್ಲ.
ಈ ಸಲದ ಪಾಡ್ಯಾಕ ಕಂಪ್ಯೂಟರಿಗೆ ಕುಂಕುಮ ಹಚ್ಚಿದ್ವಿ.
ಲೆಕ್ಕದ ಹುಡುಗ ಪರದೆ ತೋರಿಸಿದ:
‘ಒಂದ್ರೂಪಾಯಿ ಇದು ಯಾರದ್ರಿ ಅಕ್ಕಾರ?
ಹೆಸರಿಲ್ದ ಇದು ಮುಂದ ಹೋಗಂಗಿಲ್ಲ.’

ಅಪ್ಪನ ಕುರ್ಚಿ ಇನ್ನೂ ಗ್ವಾಡಿಗೆ ಹಚ್ಚಿಕೊಂಡ ಐತಿ.
ಅದರಾಗ ಕೂತು, ಒಂದೊಂದ ಅಕ್ಷರ ಹುಡುಕಿ
ಒತ್ತಿದೆ:
ಆರು ಗಂಟೆ.

ಹುಡುಗ ನನ್ನ ಮಾರಿ ನೋಡಿದ. ಮಷಿನ್ ತಗೊಂತು.
ಕೆಳಗಿನ ಖಾನೆ ಊರು ಕೇಳಿತು.
ಹುಬ್ಬಳ್ಳಿ ಅಂತ ಬರದೆ.